ಮುಚ್ಚಿದ ಆಟ, ಮುಗಿಯದ ವ್ಯಾಜ್ಯ

ಮುದ್ರಣಾಲಯ ಮುಚ್ಚಿದರೂ ಪುಸ್ತಕ ಕಪಾಟಿನಲ್ಲಿ ಉಳಿಯುತ್ತದೆ. ಇಂಟರ್ನೆಟ್‌ನಲ್ಲಿ ಸಾವಿರಾರು ಜನ ಒಟ್ಟಿಗೆ ಆಡುವ ಕಂಪ್ಯೂಟರ್ ಆಟಗಳಿಗೆ ಈ ಭಾಗ್ಯವಿಲ್ಲ. ಆಟಗಾರ ಹಣ ಕೊಟ್ಟು ಮನೆಗೆ ತಂದದ್ದು ಆಟದ ಅರ್ಧ ಮಾತ್ರ. ಎಲ್ಲರನ್ನೂ ಒಂದೇ ಲೋಕದಲ್ಲಿ ಕೂಡಿಸುವ ಸರ್ವರ್ ಎಂಬ ಉಳಿದರ್ಧ ಕಂಪನಿಯ ಬಳಿ ಇರುತ್ತದೆ. ಕಂಪನಿ ಅದನ್ನು ಆರಿಸಿದ ದಿನ ಮನೆಯಲ್ಲಿರುವ ಸಿ.ಡಿ. ನಿರುಪಯುಕ್ತ.

ಅಭಿಮಾನಿಗಳಲ್ಲಿ ತಂತ್ರಜ್ಞಾನ ಬಲ್ಲವರು ಈ ಎರಡು ಭಾಗಗಳ ನಡುವಿನ ಸಂದೇಶಗಳನ್ನು ಗಮನಿಸಿ, ಸರ್ವರಿನ ಕೆಲಸ ಮಾಡುವ ಪ್ರೋಗ್ರಾಮನ್ನು ತಾವೇ ಬರೆದು, ಅನುಮತಿಯಿಲ್ಲದೆ ಆಟ ನಡೆಸತೊಡಗಿದರು. ಕಂಪನಿಗಳು ವಕೀಲರನ್ನು ಕರೆದವು. ಇದನ್ನು ಕಳ್ಳ-ಪೊಲೀಸರ ಕಥೆಯಾಗಿ ಹೇಳಿಬಿಡಬಹುದು. ಆದರೆ ಮೂರು ಪ್ರಕರಣಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ಆ ಕಥೆ ನಿಲ್ಲುವುದಿಲ್ಲ.

ಅಮೆರಿಕದ ಬ್ಲಿಝಾರ್ಡ್ ಕಂಪನಿಯ 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್' 2004ರಲ್ಲಿ ಬಂದ ಆಟ. ಆಡಲು ತಿಂಗಳ ಚಂದಾ ಕೊಡಬೇಕು. 'ಸ್ಕೇಪ್‌ಗೇಮಿಂಗ್' ಎಂಬ ಖಾಸಗಿ ಸರ್ವರ್ ಇದನ್ನು ತಾನೇ ನಡೆಸುತ್ತ, ಆಟದೊಳಗಿನ ಸಾಮಗ್ರಿಗಳಿಗಾಗಿ ಆಟಗಾರರಿಂದ ಹಣ ಪಡೆಯುತ್ತಿತ್ತು. 2010ರಲ್ಲಿ ಕ್ಯಾಲಿಫೋರ್ನಿಯಾದ ಫೆಡರಲ್ ನ್ಯಾಯಾಲಯ 8.8 ಕೋಟಿ ಡಾಲರಿಗೂ ಹೆಚ್ಚಿನ ಮೊತ್ತ ಕೊಡುವಂತೆ ತೀರ್ಪು ನೀಡಿತು. ಪ್ರತಿವಾದಿ ಹಾಜರಾಗದ ಕಾರಣ ಅದು ಏಕಪಕ್ಷೀಯ ತೀರ್ಪು. ಗಳಿಸಿದ ಲಾಭವೆಂದು ಲೆಕ್ಕ ಹಿಡಿದದ್ದು ಸುಮಾರು 30 ಲಕ್ಷ ಡಾಲರ್. ಉಳಿದ ಬಹುಪಾಲು, 4,27,393 ಸದಸ್ಯರಿಗೆ ತಲಾ 200 ಡಾಲರಿನಂತೆ ಕಟ್ಟಿದ ಪರಿಹಾರ. ಶಿಕ್ಷೆಯ ಗಾತ್ರ ಯಾರನ್ನಾದರೂ ಬೆಚ್ಚಿಬೀಳಿಸುತ್ತದೆ. ಆದರೂ ಇತರರ ದುಡಿಮೆಯನ್ನು ಮಾರಿ ಹಣ ಮಾಡಿದವರ ಪರವಾಗಿ ವಾದಿಸಲು ನಮಗೆ ಮನಸ್ಸಿಲ್ಲ. ಬರೆಯುವವರಾದ ನಮಗೂ ಹಕ್ಕುಸ್ವಾಮ್ಯ ಬೇಡದ ವಸ್ತುವಲ್ಲ.

ಎರಡನೆಯದು ಅದೇ ಆಟದ 'ನೊಸ್ಟಾಲ್ರಿಯಸ್'. ಫ್ರಾನ್ಸಿನ ಕೆಲವು ಅಭಿಮಾನಿಗಳು 2015ರಲ್ಲಿ ಆರಂಭಿಸಿದ ಈ ಸರ್ವರಿನಲ್ಲಿದ್ದದ್ದು ಆಟದ ಮೊದಲಿನ ರೂಪ. ಕಂಪನಿ ಹೊಸ ಹೊಸ ಆವೃತ್ತಿಗಳನ್ನು ತಂದು ಆ ರೂಪವನ್ನು ಅಳಿಸಿಹಾಕಿತ್ತು. ಹಣ ಕೊಡುತ್ತೇವೆಂದರೂ ಅದು ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. ಹಳೆಯ ಸರ್ವರ್ ಬೇಕೆಂದು 2013ರ ಸಮಾವೇಶದಲ್ಲಿ ಕೇಳಿದ ಅಭಿಮಾನಿಗೆ ಕಂಪನಿಯ ಪ್ರತಿನಿಧಿ, ಬೇಕೆಂದು ನಿಮಗೆ ಅನ್ನಿಸುತ್ತಿದೆ, ನಿಜವಾಗಿ ಬೇಕಿಲ್ಲ ಎಂಬರ್ಥದ ಉತ್ತರ ಕೊಟ್ಟಿದ್ದರು. ವಕೀಲರ ಪತ್ರ ತಲುಪಿದ ಮೇಲೆ 2016ರ ಏಪ್ರಿಲ್ 10ರಂದು ನೊಸ್ಟಾಲ್ರಿಯಸ್ ಮುಚ್ಚಿತು. ಎರಡು ಲಕ್ಷಕ್ಕೂ ಹೆಚ್ಚು ಜನ ಮನವಿಗೆ ಸಹಿ ಹಾಕಿದರು. ಕಂಪನಿ ಆ ತಂಡವನ್ನು ಕರೆದು ಮಾತನಾಡಿಸಿತು. 2017ರಲ್ಲಿ ಅದೇ ಪ್ರತಿನಿಧಿ ವೇದಿಕೆಯೇರಿ ಹಳೆಯ ಆಟ ಮರಳುತ್ತದೆಂದು ಘೋಷಿಸಿದರು. 2019ರ ಆಗಸ್ಟ್‌ನಲ್ಲಿ ಅದು ಮರಳಿತು. ಒಡೆಯರು ಗುಜರಿಗೆ ಎಸೆದ ಪಾತ್ರೆಗೆ ಬೆಲೆಯಿದೆ ಎಂದು ತೋರಿಸಿಕೊಟ್ಟವರು, ಕಾನೂನಿನ ಕಣ್ಣಿಗೆ ತಪ್ಪಿತಸ್ಥರಾಗಿದ್ದವರು.

ಮೂರನೆಯದು 'ಸಿಟಿ ಆಫ್ ಹೀರೋಸ್'. ಕೊರಿಯಾದ ಎನ್‌ಸಿಸಾಫ್ಟ್ ಕಂಪನಿ ಇದನ್ನು 2012ರ ನವೆಂಬರ್ 30ರಂದು ನಿಲ್ಲಿಸಿಬಿಟ್ಟಿತು. ಆದರೆ ಕೆಲವರು ಗುಟ್ಟಾಗಿ ಆಟ ಉಳಿಸಿಕೊಂಡಿದ್ದರು. 2019ರಲ್ಲಿ ಗುಟ್ಟು ರಟ್ಟಾದಾಗ ಉಳಿದ ಅಭಿಮಾನಿಗಳು ಸಿಟ್ಟಾದದ್ದು ಕಂಪನಿಯ ಮೇಲಲ್ಲ, ತಮ್ಮಂಥವರೇ ಆದ ಈ ಕೆಲವರ ಮೇಲೆ: ಎಲ್ಲರ ಊರನ್ನು ನಾಲ್ಕು ಜನ ಬಚ್ಚಿಟ್ಟುಕೊಂಡದ್ದೇಕೆ? ಆಮೇಲೆ ಆಟ ಎಲ್ಲರಿಗೂ ತೆರೆಯಿತು. ಮಾತುಕತೆ ನಡೆದು, 2024ರ ಜನವರಿಯಲ್ಲಿ 'ಹೋಮ್‌ಕಮಿಂಗ್' ಎಂಬ ಅಭಿಮಾನಿ ಸರ್ವರಿಗೆ ಕಂಪನಿಯೇ ಪರವಾನಗಿ ಕೊಟ್ಟಿತು. ಕಂಪನಿ ಮುಳುಗಲಿಲ್ಲ, ಅದರ ಹಕ್ಕೂ ಹೋಗಲಿಲ್ಲ.

ಉರ್ದುವಿನಲ್ಲಿ ಅಮಾನತ್ ಎಂಬ ಮಾತಿದೆ. ನಂಬಿ ಒಪ್ಪಿಸಿದ ವಸ್ತುವನ್ನು ಕಾಪಾಡಿ ಮರಳಿಸುವ ಹೊಣೆ ಅದು. ನಮ್ಮ ಕನ್ನಡದ ಕಚೇರಿಗಳಲ್ಲಿ ಅದೇ ಪದ ಅಮಾನತು ಆಗಿ, ನೌಕರನನ್ನು ಕೆಲಸದಿಂದ ಹೊರಗಿಡುವ ಆಜ್ಞೆಯಾಗಿದೆ. ಈ ಕಂಪನಿಗಳು ಮೊದಲ ಅರ್ಥವನ್ನು ಮರೆತು ಎರಡನೆಯದನ್ನು ಮಾತ್ರ ಕಲಿತಂತಿವೆ. ಆಟದ ಚಿತ್ರ, ಸಂಗೀತ, ಕಥೆ ಕಂಪನಿಯದು, ನಿಜ. ಆದರೆ ಅಲ್ಲಿ ವರ್ಷಗಟ್ಟಲೆ ಬೆಳೆದ ಗೆಳೆತನ, ಕಟ್ಟಿದ ಗುಂಪು, ಕಳೆದ ರಾತ್ರಿಗಳು ಆಟಗಾರರವು. ಅವು ಕಂಪನಿಯ ಕೈಯಲ್ಲಿರುವ ಅಮಾನತ್. ಆರು ವರ್ಷ ಬಚ್ಚಿಟ್ಟುಕೊಂಡ ಆ ಅಭಿಮಾನಿಗಳೂ ಇದೇ ಹೊಣೆಯಲ್ಲಿ ಸೋತವರು ಎನ್ನುವುದನ್ನು ಮರೆಯಬಾರದು.

ಇದು ಕೇವಲ ಭಾವುಕತೆಯ ಮಾತಲ್ಲ. ಭಾರತದ 1957ರ ಕೃತಿಸ್ವಾಮ್ಯ ಕಾಯಿದೆಯ 31ನೇ ಕಲಮಿನಲ್ಲಿ ಇಂಥದೊಂದು ತತ್ವವಿದೆ. ಪ್ರಕಟವಾದ ಕೃತಿಯನ್ನು ಮರುಪ್ರಕಟಿಸಲು ಒಡೆಯ ಒಪ್ಪದೆ, ಅದರಿಂದಾಗಿ ಅದು ಜನರಿಗೆ ಸಿಗದಂತಾದರೆ, ಬೇರೆಯವರು ಅರ್ಜಿ ಸಲ್ಲಿಸಿ, ಒಡೆಯನಿಗೆ ಪ್ರತಿಫಲ ಕೊಟ್ಟು ಪರವಾನಗಿ ಪಡೆಯಲು ದಾರಿಯಿದೆ. ಸರ್ವರಿನ ಸಮಸ್ಯೆಯನ್ನು ಈ ಕಲಂ ಹಾಗೆಯೇ ಬಿಡಿಸಲಾರದು. ಆದರೆ ಒಡೆತನವೆಂದರೆ ಹೂತುಹಾಕುವ ಹಕ್ಕಲ್ಲ ಎಂಬ ವಿವೇಕ ಅದರಲ್ಲಿದೆ.

2025ರ ಆಗಸ್ಟ್‌ನಲ್ಲಿ ಬ್ಲಿಝಾರ್ಡ್ 'ಟರ್ಟಲ್ ವಾವ್' ಎಂಬ ಮತ್ತೊಂದು ಖಾಸಗಿ ಸರ್ವರಿನ ವಿರುದ್ಧ ದಾವೆ ಹೂಡಿತು. ಹಳೆಯ ಆಟ ಈಗ ಕಂಪನಿಯ ಬಳಿಯೇ ಸಿಗುವುದರಿಂದ ಅದರ ವಾದಕ್ಕೆ ಮೊದಲಿಗಿಂತ ಬಲವಿದೆ ಎನ್ನಬೇಕು. ನ್ಯಾಯಾಲಯಗಳು ಕೇಳಬೇಕಾದದ್ದು ಅನುಮತಿ ಇತ್ತೇ ಎಂಬ ಒಂದೇ ಪ್ರಶ್ನೆಯಲ್ಲ. ಮಾರಿ ಲಾಭ ಮಾಡಿದರೇ? ಒಡೆಯರು ಆ ಆಟವನ್ನು ಇನ್ನೂ ನಡೆಸುತ್ತಿದ್ದಾರೆಯೇ? ನಡೆಸುತ್ತಿಲ್ಲವಾದರೆ, ನಡೆಸಲು ಬಂದವರಿಗೆ ಪರವಾನಗಿ ಕೊಡಲು ಅಡ್ಡಿಯೇನು? ಮೂರನೆಯ ಪ್ರಶ್ನೆಗೆ ಸಿಟಿ ಆಫ್ ಹೀರೋಸ್ ಉತ್ತರ ಕೊಟ್ಟಾಗಿದೆ. ಅದಕ್ಕೆ ಹನ್ನೊಂದು ವರ್ಷ ಹಿಡಿಯಬೇಕಿರಲಿಲ್ಲ.