ಬರಿದಾಗದ ತಂಬಿಗೆ

ಪರಂಗಿ ಎಲೆಯ ಟೊಳ್ಳು ದಂಟಿನ ಎರಡು ತುದಿಗಳನ್ನೂ ಕತ್ತರಿಸಿ, ಅದನ್ನು ತೊಟ್ಟಿಯ ನೀರಿನಲ್ಲಿ ಅದ್ದಿ, ಮೇಲಿನ ತುದಿಯನ್ನು ಹೆಬ್ಬೆರಳಿನಿಂದ ಮುಚ್ಚಿ ಎತ್ತಿದರೆ ಒಳಗಿನ ನೀರು ಬೀಳದೆ ನಿಲ್ಲುವುದನ್ನೂ, ಬೆರಳನ್ನು ತೆಗೆದೊಡನೆ ಅದೆಲ್ಲವೂ ಒಮ್ಮೆಗೇ ಸುರಿಯುವುದನ್ನೂ ಹಳ್ಳಿಯಲ್ಲಿ ಬೆಳೆದ ಮಕ್ಕಳು ಯಾರೂ ಹೇಳಿಕೊಡದೆಯೇ ಕಂಡುಕೊಳ್ಳುತ್ತಾರೆ. ಇಂದ್ರಜಾಲದ ಅತ್ಯಂತ ಪ್ರಸಿದ್ಧವಾದ ಪ್ರಯೋಗಗಳಲ್ಲೊಂದು ಆ ದಂಟಿನಲ್ಲಿಯೇ ಇದ್ದಿತೆಂಬುದು ನನಗೆ ತಿಳಿದುದು ನಡುವಯಸ್ಸು ದಾಟಿದ ಮೇಲೆ, ಮನೆಯ ಹಳೆಯ ಹಿತ್ತಾಳೆ ತಂಬಿಗೆಯೊಂದನ್ನು ಆ ಪ್ರಯೋಗಕ್ಕೆಂದು ಕೈಯಾರೆ ಸಿದ್ಧಪಡಿಸಲು ಹೊರಟಾಗ.

ಪ್ರಯೋಗ ಹೀಗಿದೆ. ಐಂದ್ರಜಾಲಿಕನು ರಂಗದ ಒಂದು ಬದಿಯಲ್ಲಿ ತಂಬಿಗೆಯನ್ನಿಟ್ಟಿರುತ್ತಾನೆ. ಆಟದ ಆರಂಭದಲ್ಲಿ ಅದರ ನೀರನ್ನು ಬಕೀಟಿಗೆ ಸುರಿದು, ಪೂರ್ತಿ ಬೋರಲು ಮಾಡಿ, ಕಡೆಯ ಹನಿಯೂ ಬಿದ್ದುದನ್ನು ಸಭಿಕರಿಗೆ ತೋರಿಸಿ ಪಕ್ಕಕ್ಕಿಡುತ್ತಾನೆ. ಮತ್ತೊಂದು ಆಟವಾದ ಬಳಿಕ ಏನೋ ನೆನಪಾದವನಂತೆ ಅದನ್ನೇ ಎತ್ತಿ ಸುರಿದರೆ ಮತ್ತೆ ನೀರು; ಇನ್ನೊಂದಾದ ಮೇಲೆ ಮತ್ತೆ ನೀರು. ಪಾಶ್ಚಾತ್ಯ ಜಾದೂಗಾರರು ಇದನ್ನು 'ವಾಟರ್ ಆಫ್ ಇಂಡಿಯಾ' ಎಂದು ಕರೆದು, ಪಾತ್ರೆಗೆ ನಮ್ಮ 'ಲೋಟಾ' ಎಂಬ ಹೆಸರನ್ನೇ ಉಳಿಸಿಕೊಂಡರು. ಪಿ.ಸಿ. ಸರ್ಕಾರ್ (1913–1971) ಅವರು ಇದನ್ನು ತಮ್ಮ 'ಇಂದ್ರಜಾಲ' ಪ್ರದರ್ಶನದ ಅಂಗವಾಗಿಸಿಕೊಂಡು ದೇಶವಿದೇಶಗಳಲ್ಲಿ ತೋರಿಸಿದರು. ರಹಸ್ಯ ಮಾತ್ರ ಯಾವ ಒಂದು ದೇಶದ ಸ್ವತ್ತೂ ಅಲ್ಲ. ಗಾಳಿಕಂಡಿಯನ್ನು ಬೆರಳಿನಿಂದ ಮುಚ್ಚಿ ತೆರೆದು ದ್ರವವನ್ನು ಇಷ್ಟ ಬಂದಾಗ ಸುರಿಸುವ ಪಾತ್ರೆಗಳನ್ನು ಅಲೆಕ್ಸಾಂಡ್ರಿಯದ ಹೀರೋ ಕ್ರಿಸ್ತಶಕದ ಮೊದಲನೆಯ ಶತಮಾನದಲ್ಲಿಯೇ ತನ್ನ ಗ್ರಂಥದಲ್ಲಿ ವಿವರಿಸಿದ್ದಾನೆ. ಆದುದರಿಂದ ಇಲ್ಲಿ ಗುಟ್ಟನ್ನು ಬಿಚ್ಚಿ ಬರೆಯುವುದರಲ್ಲಿ ನಾನು ಯಾರ ನಂಬಿಕೆಗೂ ದ್ರೋಹ ಬಗೆಯುತ್ತಿಲ್ಲವೆಂದು ತಿಳಿದಿದ್ದೇನೆ.

ತಂಬಿಗೆಯ ಕೊರಳಿನಷ್ಟೇ ಅಗಲವಾದ, ತಳ ಮುಚ್ಚಿದ ಒಂದು ಕೊಳವೆಯನ್ನು ಬಾಯಿಯ ಮೂಲಕ ಒಳಗಿಳಿಸಿ, ಅದು ತಂಬಿಗೆಯ ತಳಕ್ಕೆ ತಾಗುವಂತೆ ನಿಲ್ಲಿಸಿ, ಕೊರಳಿನ ಸುತ್ತ ಗಾಳಿಯೂ ನುಸುಳದಂತೆ ಬೆಸುಗೆ ಹಾಕಿಬಿಟ್ಟರೆ, ಹೊಟ್ಟೆಯ ಒಳಮೈಗೂ ಕೊಳವೆಗೂ ನಡುವೆ ಒಂದು ಗುಪ್ತವಾದ ಅವಕಾಶ ಉಂಟಾಗುತ್ತದೆ. ಕೊಳವೆಯ ಬುಡದಲ್ಲಿ ಒಂದು ಸಣ್ಣ ರಂಧ್ರ. ತಂಬಿಗೆಯ ಹೆಗಲಿನಲ್ಲಿ, ಬೆಸುಗೆಯ ಕೆಳಗೆ, ಬೆರಳ ತುದಿ ಮುಚ್ಚಬಹುದಾದ ಇನ್ನೊಂದು. ನೀರು ತುಂಬಿದಾಗ ಅದು ಬುಡದ ರಂಧ್ರದಿಂದ ಗುಪ್ತಸ್ಥಾನಕ್ಕೂ ಹರಿದು ಎರಡೂ ಕಡೆ ಸಮಮಟ್ಟಕ್ಕೆ ಬರುತ್ತದೆ. ಹೆಗಲಿನ ರಂಧ್ರವನ್ನು ಮುಚ್ಚಿ ಬೋರಲು ಮಾಡಿದರೆ ಕೊಳವೆಯ ನೀರು ಮಾತ್ರ ಬೀಳುತ್ತದೆ. ನೆಟ್ಟಗಿಟ್ಟು ಬೆರಳು ತೆಗೆದಾಗ ಮೇಲಿನಿಂದ ಗಾಳಿ ಒಳಹೊಕ್ಕು, ಅಡಗಿದ್ದ ನೀರು ಬುಡದಿಂದ ಕೊಳವೆಗೆ ಬರುತ್ತದೆ. ಎಣ್ಣೆಡಬ್ಬಿಗೆ ಒಂದೇ ತೂತು ಕೊರೆದರೆ ಎಣ್ಣೆ ಸರಾಗವಾಗಿ ಬಾರದೆಂದು ಪ್ರತಿಯೊಬ್ಬ ಅಂಗಡಿಯವನೂ ಬಲ್ಲನಷ್ಟೆ. ಆ ಎರಡನೆಯ ತೂತಿನ ಮೇಲೆ ಬೆರಳಿಟ್ಟುಕೊಂಡಿರುವುದೇ ಇಲ್ಲಿಯ ಮಾಯೆ.

ನನ್ನ ಮೊದಲನೆಯ ಯತ್ನ ತಂಬಿಗೆಯದಲ್ಲ, ತಗಡಿನ ಡಬ್ಬಿಗಳದು. ಐದು ಅಂಗುಲ ವ್ಯಾಸದ ಡಬ್ಬಿಯೊಳಗೆ ಮೂರೂವರೆ ಅಂಗುಲದ ಇನ್ನೊಂದು ಡಬ್ಬಿಯನ್ನು ಕೂರಿಸಿ ಅಂಚುಗಳನ್ನು ತಗಡಿನ ಬಳೆಯಿಂದ ಬೆಸೆದೆನು. ಒಳಬಾಯಿ ದೊಡ್ಡದಾದಷ್ಟೂ ಮೊದಲ ಸಲ ಹೆಚ್ಚು ನೀರು ಸುರಿದು ಸಭೆ ಬೆರಗಾಗುವುದೆಂಬ ಆಸೆ ಅದಕ್ಕೆ ಕಾರಣ. ಆದರೆ ಈ ಅಳತೆಯಲ್ಲಿ ಒಳಗಿನ ವಿಸ್ತೀರ್ಣವೂ ಸುತ್ತಲಿನ ಗುಪ್ತ ವಿಸ್ತೀರ್ಣವೂ ಸರಿಸುಮಾರು ಒಂದೇ ಆಗುವುದರಿಂದ, ಪ್ರತಿಸಲವೂ ನೀರು ಹಿಂದಿನದರ ಅರ್ಧಕ್ಕಿಳಿದು, ನಾಲ್ಕನೆಯ ಸುರಿತವು ಮೊದಲನೆಯದರ ಎಂಟರಲ್ಲೊಂದು ಪಾಲಿಗೆ ಬಂದು ನಿಂತಿತು. ಅದಕ್ಕಿಂತಲೂ ಕೆಟ್ಟುದೆಂದರೆ, ಮುಕ್ಕಾಲಂಗುಲ ದಪ್ಪದ ಆ ಅಂಚನ್ನು ಕಂಡವರಾರೂ ಅದನ್ನು ಸಾಮಾನ್ಯ ಡಬ್ಬಿಯೆಂದು ನಂಬುವಂತಿರಲಿಲ್ಲ.

ತಂಬಿಗೆಯ ಆಕೃತಿಯ ಮಹತ್ತ್ವ ನನಗೆ ಅರ್ಥವಾದುದು ಈ ಸೋಲಿನಿಂದಲೇ. ಎರಡೂವರೆ ಅಂಗುಲದ ಕೊರಳು, ಐದಂಗುಲದ ಹೊಟ್ಟೆ. ಒಳಗಿನ ಕೊಳವೆ ಕೊರಳಿನಷ್ಟೇ ಅಗಲವಾಗಿರುವುದರಿಂದ ನೋಡುವವನ ಕಣ್ಣಿಗೆ ಏನೂ ವಿಪರೀತವೆನ್ನಿಸದು, ಗುಪ್ತಸ್ಥಾನವಾದರೋ ಕೊಳವೆಗೆ ಮೂರು ಪಾಲಾಗುತ್ತದೆ. ಆಗ ಪ್ರತಿಸುರಿತವೂ ಹಿಂದಿನದರ ಮುಕ್ಕಾಲು: ಮೊದಲನೆಯದು 400 ಮಿಲಿಲೀಟರಾದರೆ ಎರಡನೆಯದು 300, ಮೂರನೆಯದು 225, ನಾಲ್ಕನೆಯದು 170ರ ಆಸುಪಾಸು. ಹೊಟ್ಟೆ ದುಂಡಾಗಿರುವುದರಿಂದ ಲೆಕ್ಕ ಅಲ್ಪಸ್ವಲ್ಪ ಏರುಪೇರಾಗಬಹುದು. ಇದಲ್ಲದೆ, ನಮ್ಮವರು ತಂಬಿಗೆಯನ್ನು ಎತ್ತುವುದೇ ಕೊರಳಿಗೆ ಕೈಹಾಕಿ; ಹಾಗೆ ಹಿಡಿದಾಗ ಹೆಬ್ಬೆರಳು ತಾನಾಗಿಯೇ ಹೆಗಲಿನ ಮೇಲೆ ಬಂದು ಕೂರುತ್ತದೆ. ನೂರಾರು ವರ್ಷಗಳ ಮನೆಬಳಕೆ ರೂಪಿಸಿದ ಒಂದು ಪಾತ್ರೆಯಲ್ಲಿ ಮಾಯೆಗೆ ಬೇಕಾದ ಎಲ್ಲ ಅನುಕೂಲಗಳೂ ಹೀಗೆ ತಾವಾಗಿ ಕೂಡಿಬಂದಿರುವುದನ್ನು ಕಂಡಾಗ ನನಗಾದ ಆನಂದವನ್ನು ನಾನು ಸಣ್ಣದೆಂದು ಭಾವಿಸುವುದಿಲ್ಲ. ಅಂಗಡಿಯಲ್ಲಿ ಮಾರುವ, ಥಳಥಳಿಸುವ ಬಣ್ಣ ಬಳಿದ ಮಾಯಾಪಾತ್ರೆಗಳು ಈ ದೃಷ್ಟಿಯಿಂದ ಹೀನವಾದುವೆಂದೇ ನನ್ನ ಅಭಿಪ್ರಾಯ. ಅವುಗಳನ್ನು ಕಂಡೊಡನೆ ಪ್ರೇಕ್ಷಕನು ಪಾತ್ರೆಯನ್ನು ಸಂದೇಹಿಸುತ್ತಾನೆ. ಅಜ್ಜಿಯ ಕಾಲದ, ತಗ್ಗುಬಿದ್ದ ತಂಬಿಗೆಯನ್ನು ಯಾರು ಸಂದೇಹಿಸುತ್ತಾರೆ?

ಬೆಸುಗೆಯ ಕೆಲಸವನ್ನು ನಮ್ಮ ಬೀದಿಯ ತಗಡಿನ ಕೆಲಸದ ಮುದುಕರೊಬ್ಬರ ಪಕ್ಕದಲ್ಲಿ ಕುಳಿತು ಕಲಿತೆನು. ನವಸಾಗರ ತಿಕ್ಕಿ, ಕಾದ ಬೆಸುಗೆಕಬ್ಬಿಣವನ್ನು ಕೊರಳಿನ ಸುತ್ತ ಎಳೆಯುತ್ತ, "ಸ್ವಾಮಿ, ಒಳಗೆ ಕೊಳವೆ ಕೂರಿಸಿದರೆ ತಂಬಿಗೆ ಹಿಡಿಸೋ ನೀರು ಕಮ್ಮಿ ಆಯ್ತಲ್ಲ, ಇದ್ಯಾತರ ರಿಪೇರಿ?" ಎಂದು ಅವರು ಕೇಳಿದರು. ಕೆಲಸ ಮುಗಿದ ಮೇಲೆ ನೀರು ತುಂಬಿ ಮೂರು ಸಲ ಸುರಿದು ತೋರಿಸಿದಾಗ, ತಮ್ಮ ಕೈಯಿಂದಲೇ ಬೆಸೆದ ಪಾತ್ರೆಯಾದರೂ ಅದನ್ನು ಕೈಗೆತ್ತಿಕೊಂಡು ಬಾಯೊಳಗೆ ಇಣುಕಿದರು. ಮಾಯಾವಿಗೆ ತನ್ನ ಮಾಯೆ ಅಂಟುವುದಿಲ್ಲವೆಂಬುದು ಶಂಕರಾಚಾರ್ಯರ ಭಾಷ್ಯಗಳಲ್ಲಿ ಬರುವ ದೃಷ್ಟಾಂತ. ಅದು ಶಾಸ್ತ್ರದ ಮಟ್ಟಿಗೆ ಸತ್ಯವೇ ಆಗಿರಬಹುದು. ಪಾತ್ರೆಯನ್ನು ತಾನೇ ಮಾಡಿದವನಿಗೂ ನೀರು ಮರಳಿ ಬರುವ ಗಳಿಗೆಯಲ್ಲಿ ಎಳ್ಳಷ್ಟು ವಿಸ್ಮಯ ಉಳಿದಿರುತ್ತದೆಂಬುದಕ್ಕೆ ಆ ಮುದುಕರ ಮುಖವೇ ನನಗೆ ಸಾಕ್ಷಿ.

ಬುಡದ ರಂಧ್ರದ ಗಾತ್ರವೊಂದೇ ಈ ರಚನೆಯಲ್ಲಿ ನಿಜವಾಗಿ ಕಷ್ಟದ ಅಂಶ. ನಾನು ಮೊದಲು ಕಡಲೆಕಾಳಿನಷ್ಟು ದೊಡ್ಡದಾಗಿ ಕೊರೆದಿದ್ದೆನು. ಶಾಲೆಯೊಂದರ ಸಭೆಯಲ್ಲಿ ತಂಬಿಗೆಯನ್ನು ಬರಿದುಮಾಡಿ, ಬೆರಳನ್ನು ಭದ್ರವಾಗಿ ಮುಚ್ಚಿಕೊಂಡೇ ನೆಟ್ಟಗೆ ಹಿಡಿದಿದ್ದಾಗ, ಆ ದೊಡ್ಡ ರಂಧ್ರದಿಂದ ಗಾಳಿ ಗುಳ್ಳೆಗುಳ್ಳೆಯಾಗಿ ಒಳನುಗ್ಗಿ ನೀರು ಕೊಳವೆಗೆ ಇಳಿಯತೊಡಗಿತು. ಮುಂದಿನ ಸಾಲಿನ ಹುಡುಗಿಯೊಬ್ಬಳು "ಒಳಗೆ ಗುಳುಗುಳು ಅಂತಿದೆ" ಎಂದು ಗಟ್ಟಿಯಾಗಿಯೇ ಹೇಳಿದಳು. ಅಲ್ಲಿಗೆ ಆಟ ಕೆಟ್ಟಿತು. ಆ ರಂಧ್ರವನ್ನು ಬೆಸುಗೆಯಿಂದ ಮುಚ್ಚಿ ಹೆಸರುಕಾಳಿನಷ್ಟು ಕಿರಿದಾಗಿ ಕೊರೆದ ಮೇಲೆ ಸದ್ದು ನಿಂತಿತು; ಆದರೆ ಕೊಳವೆ ಮತ್ತೆ ತುಂಬಲು ಮುಕ್ಕಾಲು ನಿಮಿಷದಷ್ಟು ಹೊತ್ತು ಬೇಕಾಯಿತು. ಈ ವಿಳಂಬವನ್ನು ದೋಷವೆಂದೇ ಬಹುದಿನ ತಿಳಿದಿದ್ದೆನು. ಪ್ರಯೋಗದ ಸೌಂದರ್ಯವೆಲ್ಲ ಅದರಲ್ಲಿಯೇ ಇದೆಯೆಂಬುದು ಅನೇಕ ಸಲ ಆಡಿದ ಬಳಿಕ ಹೊಳೆಯಿತು. ಒಂದಾದ ಮೇಲೊಂದರಂತೆ ಸುರಿಯಹೊರಟವನಿಗೆ ಈ ತಂಬಿಗೆ ವಶವಾಗುವುದಿಲ್ಲ. ನಡುವೆ ಬೇರೊಂದು ಆಟವನ್ನಾಡಿ ಸಭೆಯ ಗಮನವನ್ನು ಬೇರೆಡೆಗೆ ಒಯ್ಯಲೇಬೇಕು. ಹಗ್ಗ ಕತ್ತರಿಸುವ ಆಟವನ್ನೋ ನಾಣ್ಯದ ಆಟವನ್ನೋ ನೋಡುತ್ತ ತಂಬಿಗೆಯನ್ನು ಮರೆತುಬಿಟ್ಟ ಜನರಿಗೆ, ಅದು ಮರಳಿ ಎದುರಾದಾಗ ಆಗುವ ಬೆರಗು ಮೊದಲ ಸುರಿತದಿಂದ ಎಂದಿಗೂ ಆಗದು. ಪ್ರತಿಸಲ ನೀರು ಕಡಮೆಯಾಗುತ್ತ ಹೋದರೂ ಬೆರಗು ಮಾತ್ರ ಹೆಚ್ಚುತ್ತ ಹೋಗುತ್ತದೆ.

ಇಷ್ಟು ಹೊಗಳಿದ ಮೇಲೆ ಕೊರತೆಯನ್ನೂ ಹೇಳಬೇಕು. ವಾತ್ಸ್ಯಾಯನನು ಅರುವತ್ತನಾಲ್ಕು ಕಲೆಗಳನ್ನು ಎಣಿಸುವಾಗ ಐಂದ್ರಜಾಲವನ್ನೂ ಹಸ್ತಲಾಘವವನ್ನೂ ಬೇರೆ ಬೇರೆಯಾಗಿ ಹೆಸರಿಸಿದ್ದಾನೆ. ಈ ವಿಂಗಡಣೆ ಸಮಂಜಸವಾದುದು. ಬೀದಿಯ ಗಾರುಡಿಗನು ನೆಲದ ಮೇಲೆ ಕುಳಿತು, ಗುಬುಟಿನ ಹಿಡಿಯುಳ್ಳ ಮೂರು ಮರದ ಬಟ್ಟಲುಗಳನ್ನೂ ಬಟ್ಟೆಯ ಪುಟ್ಟ ಉಂಡೆಗಳನ್ನೂ ಮುಂದಿಟ್ಟುಕೊಂಡು ತೋರಿಸುವ ಆಟದಲ್ಲಿ ವಸ್ತುವಿನೊಳಗೆ ಯಾವ ಗುಟ್ಟೂ ಇರುವುದಿಲ್ಲ. ಗುಟ್ಟೆಲ್ಲವೂ ಅವನ ಬೆರಳುಗಳಲ್ಲಿ, ಅವು ಪಡೆದ ವರ್ಷಾನುವರ್ಷಗಳ ಅಭ್ಯಾಸದಲ್ಲಿ. ಬಟ್ಟಲನ್ನು ಯಾರ ಕೈಗಾದರೂ ಕೊಟ್ಟು ಪರೀಕ್ಷಿಸಿಕೊಳ್ಳಿರೆನ್ನುವ ಧೈರ್ಯ ಅವನಿಗಿದೆ. ತಂಬಿಗೆಯವನಿಗೆ ಅದಿಲ್ಲ. ಶುದ್ಧ ಕಲೆಯ ದೃಷ್ಟಿಯಿಂದ ಬಟ್ಟಲಿನ ಆಟವೇ ಮೇಲೆಂಬುದನ್ನು ನಾನು ಒಪ್ಪುತ್ತೇನೆ. ಆದರೆ ಕೈಯಿಂದ ಮಾಡಬೇಕಾದುದನ್ನು ಈ ಪ್ರಯೋಗವು ಆಟಕ್ಕೆ ಮುಂಚೆಯೇ, ಕೆಲಸದ ಮಣೆಯ ಮೇಲೆ ಬೇಡುತ್ತದೆ. ಆ ಶ್ರಮವನ್ನೂ ತಪ್ಪಿಸಿಕೊಂಡು ಪಾತ್ರೆಯನ್ನು ಕೊಂಡುತಂದವನಿಗೆ ಎರಡು ಕಲೆಗಳಲ್ಲಿ ಒಂದೂ ದಕ್ಕಿದಂತಾಗಲಿಲ್ಲ.

ಆಡುವವರ ಮಾತಿನ ವಿಷಯದಲ್ಲಿಯೂ ನನಗೊಂದು ಅಸಮಾಧಾನವಿದೆ. ದ್ರೌಪದಿಯ ಅಕ್ಷಯಪಾತ್ರೆಯ ಕಥೆಯನ್ನು ಈ ತಂಬಿಗೆಗೆ ಹೊಂದಿಸಿ ಹೇಳುವುದು ಸೊಗಸೇ. ಅವಳ ಊಟವಾದೊಡನೆ ಆ ಪಾತ್ರೆಯೂ ಅಂದಿನ ಮಟ್ಟಿಗೆ ಬರಿದಾಗುತ್ತಿದ್ದುದರಿಂದ ಹೋಲಿಕೆ ಚೆನ್ನಾಗಿಯೇ ಕೂಡುತ್ತದೆ. ಆದರೆ ಕಥೆಯನ್ನು ಕಥೆಯೆಂದು ಹೇಳದೆ, ಗಂಗೆಯೇ ಒಲಿದು ಬಂದಳೆಂದು ನಂಬಿಸಿ, ಮುಂದೆ ಕುಳಿತ ಮಕ್ಕಳಿಗೆ ಅದನ್ನು ತೀರ್ಥವೆಂದು ಹಂಚುವವರನ್ನು ಕಂಡಿದ್ದೇನೆ. ಬೆಂಗಳೂರು ವಿಶ್ವವಿದ್ಯಾನಿಲಯದ ಉಪಕುಲಪತಿಗಳಾಗಿದ್ದ, ಸ್ವತಃ ಭೌತವಿಜ್ಞಾನಿಗಳಾದ ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳ ಪರಿಶೀಲನೆಗಾಗಿ ಸಮಿತಿಯೊಂದನ್ನು ರಚಿಸಿದ ನಾಡು ಇದು. ಇಲ್ಲಿಯ ಜಾದೂಗಾರನಾದರೂ ತನ್ನದು ಆಟವೆಂದು ಬಾಯಿಬಿಟ್ಟು ಹೇಳಬೇಡವೆ? ಬೆಸುಗೆಯಲ್ಲಿ ಸೀಸ ಬೆರೆತಿರುವುದರಿಂದ ಆ ನೀರನ್ನು ಕುಡಿಯಲು ಕೊಡುವುದು ಅಪಾಯಕರವೂ ಹೌದು.

ಎಷ್ಟು ಸಲ ಸುರಿಯಬೇಕೆಂದು ಕೇಳುವವರಿಗೆ ನಾಲ್ಕು ಸಲವೆಂದು ಹೇಳುತ್ತೇನೆ, ಬಹಳವಾದರೆ ಐದು. ಗುಪ್ತಸ್ಥಾನದಲ್ಲಿ ಇನ್ನೂ ನೀರಿರುವಾಗಲೇ ನಿಲ್ಲಿಸಬೇಕು. ಮನೆಯಲ್ಲಿ ಹಳೆಯ ತಂಬಿಗೆಯಿದ್ದವರು ಈ ಪ್ರಯೋಗವನ್ನು ಒಮ್ಮೆ ತಾವೇ ಕಟ್ಟಿ ನೋಡಬೇಕೆಂದು ನನ್ನ ಕೋರಿಕೆ. ಮಕ್ಕಳನ್ನು ಬೆಂಕಿಯಿಂದ ದೂರವಿರಿಸಿ, ಉಳಿದ ಕೆಲಸವನ್ನೆಲ್ಲ ಅವರ ಕೈಯಿಂದಲೇ ಮಾಡಿಸಿರಿ. ಆಟ ಮುಗಿದ ಮೇಲೆ ತಂಬಿಗೆಯನ್ನು ಬೋರಲು ಹಾಕಿ, ಹೆಗಲಿನ ರಂಧ್ರದಿಂದ ನೀರೆಲ್ಲ ಸೋರಿಹೋಗುವವರೆಗೆ ಬಿಸಿಲಿನಲ್ಲಿಡುವುದನ್ನು ಮರೆಯಬಾರದು. ಒಳಗಿನ ಕೊಳವೆ ತಗಡಿನದಾದರೆ ಬೇಗ ತುಕ್ಕು ಹಿಡಿಯುತ್ತದೆ.