ಅಲ್ಪವ್ಯಯದ ಗೀತಚಿತ್ರಗಳು: ಲೆಕ್ಕಕ್ಕೆ ಬಾರದ ವೆಚ್ಚ

ಒಂದು ಹಾಡಿಗೆ ದೃಶ್ಯರೂಪವನ್ನು ಕೊಟ್ಟು ಮೂರು ನಾಲ್ಕು ನಿಮಿಷಗಳಲ್ಲಿ ಮುಗಿಯುವಂತೆ ತಯಾರಿಸಿದ ಕಿರುಚಿತ್ರಕ್ಕೆ ಸಂಗೀತ ವೀಡಿಯೊ ಎಂದು ಹೆಸರು. ಈ ಲೇಖನದಲ್ಲಿ ಅದನ್ನು ಗೀತಚಿತ್ರವೆಂದು ಕರೆಯಲಾಗಿದೆ. ಮೈಕೇಲ್ ಜಾಕ್ಸನ್ ಮತ್ತು ಆತನ ತಂಗಿ ಜಾನೆಟ್ 1995ರಲ್ಲಿ ಹೊರತಂದ ‘ಸ್ಕ್ರೀಮ್’ ಗೀತಚಿತ್ರಕ್ಕೆ 70 ಲಕ್ಷ ಡಾಲರು ವೆಚ್ಚವಾಯಿತೆಂದು ಪ್ರಸಿದ್ಧಿಯಿದೆ. ಇದಕ್ಕೆ ಪ್ರತಿಯಾಗಿ ಅತ್ಯಲ್ಪ ಹಣದಲ್ಲಿ ತಯಾರಾಗಿ ಲೋಕದ ಮನ್ನಣೆ ಪಡೆದ ಕೃತಿಗಳೂ ಉಂಟು. ಅವನ್ನು ತೋರಿಸಿ, ಹಣ ಬೇಕಿಲ್ಲ, ಕಲ್ಪನೆಯೊಂದಿದ್ದರೆ ಸಾಕು ಎಂದು ತರುಣರಿಗೆ ಬೋಧಿಸುವುದು ವಾಡಿಕೆಯಾಗಿದೆ. ಈ ಮಾತು ಎಷ್ಟರಮಟ್ಟಿಗೆ ನಿಲ್ಲುತ್ತದೆ? ದಾನಶಾಸನವನ್ನು ಓದುವ ಇತಿಹಾಸದ ವಿದ್ಯಾರ್ಥಿಯು ಕೊಟ್ಟವರಾರು, ದುಡಿದವರಾರು, ಹೆಸರು ಬಿಟ್ಟುಹೋದವರಾರು ಎಂದು ವಿಚಾರಿಸುತ್ತಾನೆ. ಅದೇ ಪ್ರಶ್ನೆಗಳನ್ನು ಮೂರು ಗೀತಚಿತ್ರಗಳ ಮುಂದಿಟ್ಟು ನೋಡುವುದು ಇಲ್ಲಿಯ ಉದ್ದೇಶ.

ಮೊದಲನೆಯದು ಬಾಬ್ ಡಿಲನ್ನನ ‘ಸಬ್‌ಟೆರೇನಿಯನ್ ಹೋಮ್‌ಸಿಕ್ ಬ್ಲೂಸ್’. 1965ರ ಮೇ ತಿಂಗಳಲ್ಲಿ ಲಂಡನ್ನಿನ ಸವಾಯ್ ಹೋಟೆಲಿನ ಬಳಿಯ ಒಂದು ಓಣಿಯಲ್ಲಿ ಡಿ. ಎ. ಪೆನ್ನೆಬೇಕರ್ ಇದನ್ನು ಚಿತ್ರಿಸಿದನು. ಗಾಯಕನು ಇಲ್ಲಿ ಹಾಡುವುದೇ ಇಲ್ಲ. ಹಾಡಿನ ಆಯ್ದ ಪದಗಳನ್ನು ಬರೆದ ರಟ್ಟುಗಳನ್ನು ಹಿಡಿದು ನಿಂತು, ಒಂದೊಂದಾಗಿ ಕೆಳಗೆ ಬಿಡುತ್ತಾನೆ. ಹಿನ್ನೆಲೆಯಲ್ಲಿ ಕವಿ ಅಲೆನ್ ಗಿನ್ಸ್‌ಬರ್ಗ್ ಕಾಣಿಸಿಕೊಳ್ಳುತ್ತಾನೆ. ತುಟಿಯ ಚಲನೆಯನ್ನು ಧ್ವನಿಮುದ್ರಿಕೆಗೆ ಹೊಂದಿಸಬೇಕಾದ ತೊಡಕನ್ನು ಈ ರಟ್ಟುಗಳು ಬೇರಿನಲ್ಲಿಯೇ ಕತ್ತರಿಸಿವೆ. ಉಪಾಯವು ಸರಳ, ಪರಿಣಾಮವು ಗಾಢ. ಆದರೆ ಚಿತ್ರಗ್ರಾಹಕ ಯಂತ್ರವೂ ಅದನ್ನು ನಡೆಸುವವರೂ ಲಂಡನ್ನಿನಲ್ಲಿದ್ದುದು ಗಾಯಕನ ಇಂಗ್ಲೆಂಡ್ ಪ್ರವಾಸವನ್ನು ಚಿತ್ರಿಸುವುದಕ್ಕಾಗಿ. 1967ರಲ್ಲಿ ತೆರೆಕಂಡ ‘ಡೋಂಟ್ ಲುಕ್ ಬ್ಯಾಕ್’ ಎಂಬ ಸಾಕ್ಷ್ಯಚಿತ್ರಕ್ಕೆ ಈ ದೃಶ್ಯವೇ ನಾಂದಿಯಾಯಿತು. ಎಂದರೆ, ವೆಚ್ಚವು ಇಲ್ಲವಾಗಿರಲಿಲ್ಲ; ಇನ್ನೊಂದು ಖಾತೆಯಲ್ಲಿ ಬರೆಯಲ್ಪಟ್ಟಿತ್ತು.

ಎರಡನೆಯದು ಫ್ಯಾಟ್‌ಬಾಯ್ ಸ್ಲಿಮ್ ಎಂಬ ಹೆಸರಿನಲ್ಲಿ ಪ್ರಸಿದ್ಧನಾದ ನಾರ್ಮನ್ ಕುಕ್‌ನ ‘ಪ್ರೇಯ್ಸ್ ಯೂ’. ನಿರ್ದೇಶಕ ಸ್ಪೈಕ್ ಜೋನ್ಸ್ ತಾನೇ ಹವ್ಯಾಸಿ ನೃತ್ಯತಂಡವೊಂದರ ನಾಯಕನ ವೇಷ ತೊಟ್ಟು, ಲಾಸ್ ಏಂಜಲೀಸಿನ ವೆಸ್ಟ್‌ವುಡ್ ಬಡಾವಣೆಯ ಚಿತ್ರಮಂದಿರದ ಹೊರಗೆ, ಅನುಮತಿಯಿಲ್ಲದೆ, ನೆರೆದ ಜನರ ನಡುವೆ ಕುಣಿದನು. ಮಂದಿರದ ನೌಕರನೊಬ್ಬ ಬಂದು ಟೇಪ್ ರಿಕಾರ್ಡರನ್ನು ನಿಲ್ಲಿಸಿದ್ದು ಸಹ ಚಿತ್ರದಲ್ಲಿ ಉಳಿದಿದೆ. ಇದರ ವೆಚ್ಚ 800 ಡಾಲರು ಎಂದು ಹೇಳಲಾಗುತ್ತದೆ. 1999ರಲ್ಲಿ ಇದಕ್ಕೆ ಎಂಟಿವಿಯ ಮೂರು ಪ್ರಶಸ್ತಿಗಳು ದೊರೆತವು. ಈ ಕೃತಿಯ ಜೀವವಿರುವುದು ದಾರಿಹೋಕರ ಬೆರಗಿನಲ್ಲಿ. ಅಂತಹ ಬೆರಗನ್ನು ಕೂಲಿಯ ನಟರಿಂದ ಪಡೆಯುವುದು ಕಷ್ಟ. ಇಲ್ಲಿ ಮಿತವ್ಯಯವೇ ಸತ್ಯಕ್ಕೆ ದಾರಿಮಾಡಿದೆ. ಆದರೂ ಆ ನೌಕರನು ತಾನರಿಯದೆ ಪಾತ್ರಧಾರಿಯಾದನೆಂಬುದನ್ನು ಮರೆಯುವಂತಿಲ್ಲ. ಬಾಡಿಗೆ ತೆರದ ಸ್ಥಳ, ಕೂಲಿ ಪಡೆಯದ ಜನ, ಇವೆರಡೂ 800 ಡಾಲರುಗಳ ಹೊರಗಿವೆ.

ಮೂರನೆಯದು ಓಕೆ ಗೋ ತಂಡದ ‘ಹಿಯರ್ ಇಟ್ ಗೋಸ್ ಅಗೇನ್’. 2006ರಲ್ಲಿ ಹೊರಬಂದ ಇದರಲ್ಲಿ ತಂಡದ ನಾಲ್ವರು ಎಂಟು ಟ್ರೆಡ್‌ಮಿಲ್ ಯಂತ್ರಗಳ ಮೇಲೆ ಕುಣಿಯುತ್ತಾರೆ. ಕ್ಯಾಮರಾ ಕದಲುವುದಿಲ್ಲ, ಚಿತ್ರಣವು ನಡುವೆ ಎಲ್ಲಿಯೂ ಕಡಿಯುವುದಿಲ್ಲ. ನೃತ್ಯವನ್ನು ಸಂಯೋಜಿಸಿ ನಿರ್ದೇಶಿಸಿದವಳು ಗಾಯಕ ಡೇಮಿಯನ್ ಕುಲಾಶನ ಸೋದರಿ ಟ್ರಿಶ್ ಸೀ. 2007ರಲ್ಲಿ ಇದಕ್ಕೆ ಗ್ರ್ಯಾಮಿ ಪ್ರಶಸ್ತಿ ಬಂದಿತು. ಕಡಿಯದ ಚಿತ್ರಣವು ಸಂಕಲನದ ಕೆಲಸವನ್ನು ಉಳಿಸುತ್ತದೆ, ನಿಜ. ಆದರೆ ಒಂದು ಹೆಜ್ಜೆ ತಪ್ಪಿದರೆ ಎಲ್ಲವನ್ನೂ ಮೊದಲಿನಿಂದ ಆರಂಭಿಸಬೇಕು. ಹಣದಿಂದ ಕೊಳ್ಳದಿದ್ದುದನ್ನು ಇಲ್ಲಿ ಮೈದಣಿವಿನಿಂದ ಕೊಳ್ಳಲಾಗಿದೆ. ಇದೇ ತಂಡವು 2010ರಲ್ಲಿ ಯಂತ್ರಸರಪಳಿಯ ಚಮತ್ಕಾರವನ್ನುಳ್ಳ ಇನ್ನೊಂದು ಗೀತಚಿತ್ರಕ್ಕೆ ವಿಮಾಸಂಸ್ಥೆಯೊಂದರ ನೆರವು ಪಡೆದುದು ಗಮನಾರ್ಹ.

ಈ ಮೂರರಲ್ಲಿಯೂ ಸಮಾನವಾದ ಗುಣವೊಂದಿದೆ. ಇವು ದುಬಾರಿ ಚಿತ್ರದ ಅಗ್ಗದ ಅನುಕರಣಗಳಲ್ಲ. ಒಂದು ಸ್ಥಳ, ಒಂದು ಉಪಾಯ, ಒಂದು ಕಟ್ಟುಪಾಡು ಎಂದು ಮೊದಲೇ ಒಪ್ಪಿಕೊಂಡು, ಆ ಕಟ್ಟುಪಾಡನ್ನೇ ರೂಪವನ್ನಾಗಿ ಮಾಡಿಕೊಂಡಿವೆ. ಈ ಅಂಶದಲ್ಲಿ ಅವು ನಮ್ಮ ವಿದ್ಯಾರ್ಥಿಗಳಿಗೆ ಮಾದರಿಗಳೇ ಸರಿ. ದೋಷವಿರುವುದು ಕೃತಿಗಳಲ್ಲಲ್ಲ, ಅವನ್ನು ಕುರಿತ ಹೊಗಳಿಕೆಯಲ್ಲಿ. ವೆಚ್ಚವು ಕಡಿಮೆಯಾದಾಗ ಅದು ಮಾಯವಾಗುವುದಿಲ್ಲ. ಬೇರೊಂದು ಖಾತೆಗೋ, ದಾರಿಹೋಕನಿಗೋ, ಕಲಾವಿದನ ಮೈಗೋ ವರ್ಗವಾಗುತ್ತದೆ.

ಇಂದು ಮೊಬೈಲ್ ದೂರವಾಣಿಯಿಂದ ಗೀತಚಿತ್ರ ತಯಾರಿಸುವ ತರುಣರು ನಮ್ಮ ಕಾಲೇಜುಗಳಲ್ಲಿಯೂ ಇದ್ದಾರೆ. ಬಿಸಿಲಿನಲ್ಲಿ ಉಪಕರಣವನ್ನು ಹಿಡಿದು ನಿಂತ ಗೆಳೆಯನ ದಿನವೂ, ವೇಷಭೂಷಣವನ್ನು ಹೊಲಿದ ತಾಯಿಯ ರಾತ್ರಿಯೂ ಅವರ ಲೆಕ್ಕಪತ್ರದಲ್ಲಿ ಬರುವುದಿಲ್ಲ. ಸಂಜೆಯ ಹೊತ್ತು ದುಡಿದು ಕಾಲೇಜಿನ ಶುಲ್ಕ ತುಂಬುವ ವಿದ್ಯಾರ್ಥಿಗೆ ಹಣವಿಲ್ಲದಷ್ಟೇ ಅಲ್ಲ, ಬಿಡುವೂ ಇಲ್ಲ. ಕಲ್ಪನೆಯೊಂದೇ ಸಾಕೆಂದು ಅವನಿಗೆ ಹೇಳುವ ಅಧ್ಯಾಪಕನು, ಅವನ ಸೋಲನ್ನು ಅವನ ಕಲ್ಪನಾದಾರಿದ್ರ್ಯವೆಂದು ಮೊದಲೇ ತೀರ್ಮಾನಿಸಿದಂತಾಗುತ್ತದೆ. ಚಿತ್ರದ ಕೊನೆಯಲ್ಲಿ ದುಡಿದವರೆಲ್ಲರ ಹೆಸರನ್ನೂ ಬರೆಯುವುದಕ್ಕೆ ಹಣ ಬೇಕಾಗಿಲ್ಲ. ಅಲ್ಪವ್ಯಯದ ಪಾಠವನ್ನು ಅಲ್ಲಿಂದ ಆರಂಭಿಸುವುದು ಯುಕ್ತವಾಗಿ ತೋರುತ್ತದೆ.