ಕೊಕ್ಕೆ ಎಣಿಸಿ ಹೆಸರಿಡುವವರು

ಮೀನು ಕೊಳ್ಳುವವರು ಕಿವಿರು ಎತ್ತಿ ನೋಡುವುದು ಒಂದೇ ಕಾರಣಕ್ಕೆ: ಕೆಂಪಗಿದೆಯೋ ಇಲ್ಲವೋ. ಚೆನ್ನೈನ ಚಿಂತಾದ್ರಿಪೇಟೆಯ ಮಾರುಕಟ್ಟೆಯಲ್ಲಿ ಹೆಬ್ಬೆರಳಿನಿಂದ ಕಿವಿರ ಮುಚ್ಚಳ ಎಬ್ಬಿಸಿ, ಇಣುಕಿ, ಮೂಗು ಮುರಿದು ಮುಂದಿನ ಅಂಗಡಿಗೆ ನಡೆಯುವ ಗಿರಾಕಿಗಳನ್ನು ನೋಡುತ್ತ ನಿಲ್ಲುವುದೇ ಒಂದು ಚಂದ. ನನ್ನಂಥ ಕೆಲವರಿಗೆ ಮಾತ್ರ ಮೀನಿಗಿಂತ ಕಿವಿರೇ ಮುಖ್ಯ. ಮೀನು ಹೆಚ್ಚುವ ಅಕ್ಕ ಕಸದ ಬುಟ್ಟಿಗೆ ಎಸೆಯಲಿದ್ದುದನ್ನು ಕವರಿಗೆ ಹಾಕಿಕೊಡಿ ಎಂದರೆ ಅವರು ತಲೆಯೆತ್ತದೆ "ಪೂನೈಕ್ಕಾ ಸಾರ್?" ಎಂದು ಕೇಳುತ್ತಾರೆ. ಹೌದು, ಬೆಕ್ಕಿಗೆ ಎಂದುಬಿಡುವುದೇ ವಾಸಿ. ಅರ್ಧ ಮಿಲಿಮೀಟರ್ ಉದ್ದದ ಚಪ್ಪಟೆ ಹುಳು ಹುಡುಕುತ್ತೇನೆ ಎಂದರೆ ಆ ಸಾಲಿನ ಅಷ್ಟೂ ಅಂಗಡಿಗಳ ವ್ಯಾಪಾರ ಕೆಟ್ಟೀತು. ಆ ಹುಳು ಮನುಷ್ಯರಿಗೆ ಏನೂ ಮಾಡದು, ಆದರೆ ಅದನ್ನು ಅಲ್ಲಿ ನಿಂತು ವಿವರಿಸುವವರು ಯಾರು?

ಮೀನು ಜೀವಂತ ಇರಬೇಕು, ಇಲ್ಲವೇ ಕಣ್ಣೆದುರೇ ಸತ್ತಿರಬೇಕು. ಐಸಿನಲ್ಲಿ ಮಲಗಿ ಆಂಧ್ರದಿಂದ ಲಾರಿಯಲ್ಲಿ ಬರುವ ರೋಹು, ಕಾಟ್ಲಾ ಸಾರಿಗೆ ಸರಿ. ಅವುಗಳ ಕಿವಿರಿನ ಹುಳುಗಳು ಅಷ್ಟರೊಳಗೆ ಕಳಚಿ ಬಿದ್ದಿರುತ್ತವೆ, ಉಳಿದವು ಕೊಳೆತು ಗುರುತು ಸಿಗದಂತಾಗಿರುತ್ತವೆ. ತೊಟ್ಟಿಯಲ್ಲಿ ಜೀವಂತ ಮಾರುವ ವಿರಾಲ್ ಎಂಬ ಹಾವುತಲೆ ಮೀನು, ತಮಿಳರು ಕೆಳುತ್ತಿ ಎನ್ನುವ ಮೀಸೆ ಮೀನು, ಅದೃಷ್ಟವಿದ್ದ ದಿನ ನಮ್ಮ ಬಾಳೆ ಮೀನು, ಇವೇ ನನ್ನಂಥ ಹವ್ಯಾಸಿಗಳ ಪಾಲಿನ ಭಾಗ್ಯ.

ಕಿವಿರಿನ ಒಂದು ಕಮಾನು ಕತ್ತರಿಸಿ ಪೆಟ್ರಿ ತಟ್ಟೆಯ ನೀರಿಗೆ ಬಿಟ್ಟು ಮೈಕ್ರೋಸ್ಕೋಪಿನ ಕೆಳಗಿಟ್ಟರೆ ಮೊದಲು ಕಾಣುವುದು ಲೋಳೆ, ರಕ್ತಕಣಗಳ ಮೋಡ, ಕೆಂಪು ಎಸಳುಗಳ ಸಾಲು. ಕಣ್ಣು ಹೊಂದಿಕೊಳ್ಳುವ ತನಕ ಕಾಯಬೇಕು. ಆಮೇಲೆ ಯಾವುದೋ ಒಂದು ಎಸಳು ತಾನಾಗಿ ಅಲುಗಿದಂತೆ ತೋರುತ್ತದೆ. ಅಲುಗುತ್ತಿರುವುದು ಎಸಳಲ್ಲ, ಅದರ ನಡುವೆ ಬುಡ ಊರಿ ನಿಂತ ಪಾರದರ್ಶಕ ಜೀವ. ತಲೆಯ ತುದಿಯನ್ನು ಚಾಚಿ, ಅತ್ತಿತ್ತ ತಡಕಿ, ಅಂಟು ಒಸರಿಸಿ ಒಂದು ಕಡೆ ಕಚ್ಚಿಕೊಳ್ಳುತ್ತದೆ, ಮತ್ತೆ ಬಿಡುತ್ತದೆ. ನೆತ್ತಿಯಲ್ಲಿ ಎರಡು ಜೋಡಿ ಕಪ್ಪು ಕಣ್ಚುಕ್ಕಿಗಳು. ಬುಡದಲ್ಲಿ ಮಾತ್ರ ಬೆಳಕು ಬಿದ್ದಾಗ ಗಾಜಿನ ಚೂರಿನಂತೆ ಹೊಳೆಯುವ ಕೊಕ್ಕೆಗಳು. ಬಾವಿಗೆ ಬಿದ್ದ ಕೊಡ ಎತ್ತುವ ಪಾತಾಳಗರಡಿಯನ್ನು ನೋಡಿದವರಿಗೆ ಈ ಹುಳುವಿನ ಬುಡವನ್ನು ಬೇರೆ ವರ್ಣಿಸಬೇಕಾಗಿಲ್ಲ.

ಇವು ಮೊನೊಜೀನಿಯಾ ಎಂಬ ಗುಂಪಿನವು. ಮಧ್ಯೆ ಬಸವನಹುಳು, ಕೊನೆಗೆ ಹಕ್ಕಿ ಎಂದು ಮನೆ ಬದಲಿಸುವ ಇತರ ಚಪ್ಪಟೆ ಹುಳುಗಳಂತಲ್ಲ ಇವು. ಒಂದೇ ಮೀನಿನ ಮೇಲೆ ಬಾಳಿ ಮುಗಿಸುತ್ತವೆ. ಬಹುಪಾಲಿಗೆ ಒಂದೊಂದು ಮೀನಿಗೂ ಅದರದೇ ಹುಳು. ಡ್ಯಾಕ್ಟೈಲೋಗೈರಸ್ ಎಂಬ ಒಂದೇ ಕುಲದಲ್ಲಿ 900ಕ್ಕೂ ಹೆಚ್ಚು ಹೆಸರುಗಳು ದಾಖಲಾಗಿವೆ. ಹೀಗಿರುವಾಗ ಯಾರೂ ನೋಡದ ಮೀನಿನ ಕಿವಿರು ಬಿಚ್ಚಿದರೆ ಹೊಸ ಪ್ರಭೇದ ಸಿಗುವ ಸಾಧ್ಯತೆ ದೊಡ್ಡದು. ಸಿಗುವುದು ಕಷ್ಟವಲ್ಲ. ಸಿಕ್ಕಿದ್ದನ್ನು ಬೇರೆಯವರು ಮತ್ತೆ ಗುರುತು ಹಿಡಿಯುವಂತೆ ಬರೆಯುವುದು ಕಷ್ಟ. ಈ ಕಲೆಯ ರುಚಿ ಇರುವುದೂ ಅಲ್ಲಿಯೇ.

ಮೆತ್ತನೆಯ ಮೈಯನ್ನು ನಂಬುವಂತಿಲ್ಲ, ಅದು ಹಿಗ್ಗುತ್ತದೆ, ಕುಗ್ಗುತ್ತದೆ. ಗಟ್ಟಿ ಇರುವುದು ಕೊಕ್ಕೆಗಳು ಮತ್ತು ಗಂಡು ಸಂಭೋಗಾಂಗದ ಕೊಳವೆ. ಆದ್ದರಿಂದ ವಿವರಣೆಯ ಜೀವವೆಲ್ಲ ಅವುಗಳ ಚಿತ್ರದಲ್ಲಿದೆ. ಒಂದು ಹನಿ ನೀರಿನಲ್ಲಿ ಹುಳುವನ್ನು ಸ್ಲೈಡಿಗೆ ಹಾಕಿ, ಕವರ್ ಸ್ಲಿಪ್ ಮುಚ್ಚಿ, ಅಂಚಿನಿಂದ ಬ್ಲಾಟಿಂಗ್ ಕಾಗದದ ಚೂರಿನಲ್ಲಿ ನೀರನ್ನು ಹೀರುತ್ತ ಬರಬೇಕು. ಗಾಜು ಕೆಳಗಿಳಿದಂತೆ ಹುಳು ಚಪ್ಪಟೆಯಾಗುತ್ತದೆ, ಅಡ್ಡಾದಿಡ್ಡಿ ಇದ್ದ ಕೊಕ್ಕೆಗಳು ಒಂದೊಂದಾಗಿ ಮಗ್ಗುಲು ತಿರುಗಿ ಒಂದೇ ಮಟ್ಟಕ್ಕೆ ಬರುತ್ತವೆ. ಆ ಗಳಿಗೆಯಲ್ಲಿ ನಿಲ್ಲಿಸಬೇಕು. ಇನ್ನೊಂದು ಹನಿ ಹೀರಿದಿರೋ, ಹುಳು ಒಡೆದು ಕೊಕ್ಕೆಗಳು ದಿಕ್ಕಾಪಾಲು. ಸರಿಯಾದ ಗಳಿಗೆಯಲ್ಲಿ ಅಂಚಿಗೆ ಅಮೋನಿಯಂ ಪಿಕ್ರೇಟ್ ಬೆರೆಸಿದ ಗ್ಲಿಸರಿನ್ ತಾಗಿಸಿದರೆ ಅದು ತಾನೇ ಒಳಹೋಗಿ ಎಲ್ಲವನ್ನೂ ಹಳದಿಯಾಗಿ ಹಿಡಿದಿಡುತ್ತದೆ. ಇದು ಸ್ವೀಡನ್ನಿನ ಮಾಲ್ಂಬರ್ಗ್ 1957ರಲ್ಲಿ ಹೇಳಿಕೊಟ್ಟ ಉಪಾಯ.

ಅದೇ ವರ್ಷ ಅದೇ ಮಾಲ್ಂಬರ್ಗ್ ಸ್ವೀಡನ್ನಿನ ಸಾಲ್ಮನ್ ಮೀನಿನ ಮೇಲಿಂದ ಗೈರೋಡ್ಯಾಕ್ಟೈಲಸ್ ಸಲಾರಿಸ್ ಎಂಬ ಹುಳುವನ್ನು ವಿವರಿಸಿದರು. ಅರ್ಧ ಮಿಲಿಮೀಟರಿನ ಜೀವ, ಅಂಚಿನಲ್ಲಿ 16 ಪುಟ್ಟ ಕೊಕ್ಕೆ. ಆಗ ಅದು ಯಾರ ತಲೆಯನ್ನೂ ಕೆಡಿಸಲಿಲ್ಲ. 1970ರ ದಶಕದಲ್ಲಿ ಸಾಗಿಸಿದ ಮರಿಗಳ ಜೊತೆ ಅದು ನಾರ್ವೆಗೆ ಹೋಯಿತು. ಅಲ್ಲಿನ ಸಾಲ್ಮನ್ನಿಗೆ ಅದನ್ನು ತಡೆದುಕೊಳ್ಳುವ ಶಕ್ತಿ ಇರಲಿಲ್ಲ. ಹತ್ತಾರು ನದಿಗಳು ಬರಿದಾದವು, ಹುಳು ಕೊಲ್ಲಲು ನದಿಗಳಿಗೇ ರೋಟೆನೋನ್ ವಿಷ ಸುರಿದು ಇದ್ದಬದ್ದ ಮೀನನ್ನೆಲ್ಲ ಕೊಲ್ಲಬೇಕಾಯಿತು. ನದಿಗೆ ವಿಷ ಹಾಕುವ ಮುನ್ನ ಇದು ಅದೇ ಹುಳುವೋ, ಗ್ರೇಲಿಂಗ್ ಮೀನಿನ ಮೇಲಿರುವ ಅದರ ತದ್ರೂಪಿ ನೆಂಟನೋ ಎಂದು ತೀರ್ಮಾನಿಸಬೇಕು. ನೋಡುವುದು ಮತ್ತೆ ಕೊಕ್ಕೆಯನ್ನೇ. ಆ ಕೊಕ್ಕೆಯೋ, ನೀರು ತಣ್ಣಗಿದ್ದರೆ ಉದ್ದ, ಬೆಚ್ಚಗಿದ್ದರೆ ಗಿಡ್ಡ. ಒಂದೇ ಹುಳು ಅಳೆದು ಪ್ರಭೇದ ಸಾರುವವರ ಲೇಖನವನ್ನು ನಾನು ಓದದೆ ಪಕ್ಕಕ್ಕಿಡುವುದು ಇದಕ್ಕೇ. ಕಿರಿದು ಎಷ್ಟು, ಹಿರಿದು ಎಷ್ಟು, ಸರಾಸರಿ ಎಷ್ಟು, ಎಷ್ಟು ಹುಳು ಅಳೆದಿರಿ, ಇಷ್ಟು ಹೇಳದಿದ್ದರೆ ಮಿಕ್ಕ ಅಲಂಕಾರವೆಲ್ಲ ದಂಡ.

ನಮ್ಮ ದೇಶದಲ್ಲಿ ದಂಡದ ಹೆಸರುಗಳು ಕಡಿಮೆ ಏನಲ್ಲ. ಕ್ಲೇರಿಯಸ್ ಬ್ಯಾಟ್ರಾಕಸ್ ಎಂಬ ಮೀಸೆ ಮೀನಿನ ಕರುಳಲ್ಲಿ ಒಂದು ಬಗೆಯ ಲಾಡಿ ಹುಳುಗಳಿವೆ, ಮೈಯಲ್ಲಿ ಕಟ್ಟುಗಳಿಲ್ಲದ ಇಡೀ ತುಂಡಿನವು. ಈ ಒಂದು ಮೀನಿನಿಂದ ವಿವರಿಸಿದ ಇಂಥ ಹುಳುಗಳ ಹೆಸರು ಒಟ್ಟು 59. ಅನಿರ್ಬಾನ್ ಆಶ್, ತೊಮಾಶ್ ಶೋಲ್ಟ್ಸ್ ಮತ್ತು ಸಂಗಡಿಗರು ಹಳೆಯ ಸ್ಲೈಡುಗಳನ್ನು ತರಿಸಿ, ಭಾರತ, ಇಂಡೋನೇಷ್ಯಾ, ಥಾಯ್ಲೆಂಡುಗಳಲ್ಲಿ ಹೊಸದಾಗಿ ಹುಳು ಸಂಗ್ರಹಿಸಿ 2011ರಲ್ಲಿ ಲೆಕ್ಕ ಒಪ್ಪಿಸಿದಾಗ ಉಳಿದದ್ದು 8. ಮಿಕ್ಕವು ಅದದೇ ಹುಳುವಿಗೆ ಮತ್ತೆ ಮತ್ತೆ ಇಟ್ಟ ಹೆಸರು. ಸತ್ತು ಕೊಳೆಯತೊಡಗಿದ ಹುಳುವನ್ನು ಗಾಜಿನ ನಡುವೆ ಅದುಮಿ, ಅದರಿಂದ ಅಗಲವಾದ ಮೈಯನ್ನೇ ಹೊಸ ಲಕ್ಷಣ ಎಂದುಕೊಂಡರೆ ಹೀಗಾಗದೆ ಇನ್ನೇನು? ಕರುಳಿನ ಹುಳುಗಳಿಗೆ ಸರಿಯಾದ ಉಪಚಾರ ಬೇರೆ: ಜೀವಂತ ಇರುವಾಗಲೇ ಕುದಿಯುವಷ್ಟು ಬಿಸಿಯಾದ ಉಪ್ಪುನೀರು ಸುರಿಯಬೇಕು. ಆಗ ಅದು ಸೆಟೆಯದೆ, ಸುರುಟದೆ, ತನ್ನ ಸಹಜ ಅಳತೆಯಲ್ಲಿ ನಿಲ್ಲುತ್ತದೆ. ಒಂದು ಕೆಟಲು ನೀರು ಕಾಯಿಸುವ ಸೋಮಾರಿತನಕ್ಕೆ ಹುಟ್ಟಿದ ಪ್ರಭೇದಗಳು ಎಷ್ಟೋ. ಹುಳುವಿನ ಹೆಸರಿನ ಮುಂದೆ ಹೆಸರಿಟ್ಟವರ ಹೆಸರೂ ಶಾಶ್ವತವಾಗಿ ಕೂರುತ್ತದಲ್ಲ, ಆ ಆಸೆಯೂ ಜೊತೆಗೆ.

ಎಲ್ಲ ಹಳೆಯ ಹೆಸರೂ ಹೀಗೆ ಬಿದ್ದುಹೋಗುವುದಿಲ್ಲ ಎಂಬುದಕ್ಕೆ ಬಾಳೆ ಮೀನಿನದೇ ಕಥೆ ಇದೆ, ನನಗೆ ಬಹಳ ಪ್ರಿಯವಾದದ್ದು. 1952ರಲ್ಲಿ ಲಖನೌದಲ್ಲಿ ಎಸ್. ಎಲ್. ಜೈನ್ ಬಾಳೆ ಮೀನಿನ ಕಿವಿರಿನಿಂದ ಒಂದು ಹುಳು ವಿವರಿಸಿ, ಭಾರತದ ಹುಳುಶಾಸ್ತ್ರಕ್ಕೆ ಬುನಾದಿ ಹಾಕಿದ ಜಿ. ಎಸ್. ಥಾಪರ್ ಅವರ ಗೌರವಾರ್ಥ ಥಾಪರೋಕ್ಲೀಡಸ್ ಎಂಬ ಹೊಸ ಕುಲವನ್ನೇ ಮಾಡಿದರು. ಲೆನಿನ್‌ಗ್ರಾಡಿನ ಗುಸೆವ್ ದೊಡ್ಡ ವಿದ್ವಾಂಸ. ಭಾರತದ ಸಿಹಿನೀರಿನ ಮೊನೊಜೀನಿಯಾಗಳ ಬಗ್ಗೆ 241 ಪುಟಗಳ ಅವರ ಬರಹ 'ಇಂಡಿಯನ್ ಜರ್ನಲ್ ಆಫ್ ಹೆಲ್ಮಿಂಥಾಲಜಿ'ಯಲ್ಲಿ ಬಂತು. ಸಂಪುಟದ ಮೇಲೆ 1973 ಎಂದಿದೆ, ಅಚ್ಚಾಗಿ ಹೊರಬಂದದ್ದು 1976ರಲ್ಲಿ. ಇಂಥ ಸಣ್ಣ ತಾರೀಖಿನ ಮೇಲೆ ನಮ್ಮಲ್ಲಿ ಜಗಳಗಳೇ ನಡೆಯುತ್ತವೆ, ಏಕೆಂದರೆ ಮೊದಲು ಅಚ್ಚಾದ ಹೆಸರಿಗೇ ಹಕ್ಕು. ಮೀಸೆ ಮೀನುಗಳ ಈ ಹುಳುಗಳಿಗೆ ಗುಸೆವ್ ಇಟ್ಟ ಸಿಲುರೊಡಿಸ್ಕಾಯಿಡಿಸ್ ಎಂಬ ಹೆಸರು ಎಲ್ಲೆಡೆ ಚಲಾವಣೆಗೆ ಬಂತು. 1996ರಲ್ಲಿ ಮಲಾಯ ವಿಶ್ವವಿದ್ಯಾಲಯದ ಸೂಸನ್ ಲಿಮ್ ಎರಡನ್ನೂ ಒರೆಗೆ ಹಚ್ಚಿ, ಕುಲ ಒಂದೇ, ಹಿರಿಯ ಹೆಸರು ಥಾಪರೋಕ್ಲೀಡಸ್ ಎಂದು ತೋರಿಸಿಕೊಟ್ಟರು. ಅಲ್ಲಿಂದೀಚೆಗೆ ಚೀನಾದಿಂದ ಯುರೋಪಿನವರೆಗೆ ಮೀಸೆ ಮೀನಿನ ಹುಳುಗಳ ಮೇಲೆ ಥಾಪರ್ ಅವರ ಹೆಸರು ಕೂತಿದೆ. ಹೊಸ ಹೆಸರಿಟ್ಟ ನೂರು ಲೇಖನಕ್ಕಿಂತ ಇಂಥದ್ದೊಂದು ಲೇಖನ ಓದುವುದರಲ್ಲಿ ನನಗೆ ಹೆಚ್ಚು ಸುಖ.

ಕನ್ನಡಿಗರಿಗೆ ಹತ್ತಿರದ ಹೆಸರು ಇನ್ನೊಂದಿದೆ: ಡಿಪ್ಲೋಜೂನ್ ಕಾವೇರಿ. ವೈ. ಆರ್. ತ್ರಿಪಾಠಿ 1959ರಲ್ಲಿ ಕೊಟ್ಟದ್ದು. ಈ ಬಳಗದ ಮೊದಲ ಹುಳುವನ್ನು ನೋರ್ಡ್‌ಮನ್ 1832ರಲ್ಲಿ ವಿವರಿಸಿದಾಗ ಓದಿದವರು ದಂಗಾಗಿದ್ದರೆ ಆಶ್ಚರ್ಯವಿಲ್ಲ. ಗೆಂಡೆ ಮೀನಿನ ಕಿವಿರು ಸೇರಿದ ಮರಿ ಇನ್ನೊಂದು ಮರಿಯನ್ನು ಹುಡುಕುತ್ತದೆ. ತನ್ನ ಹೊಟ್ಟೆಯ ಬಟ್ಟಲಿನಿಂದ ಅದರ ಬೆನ್ನ ಗುಬುಟನ್ನು ಹಿಡಿಯುತ್ತದೆ, ಅದೂ ತಿರುಚಿಕೊಂಡು ಇದರ ಬೆನ್ನನ್ನು ಹಿಡಿಯುತ್ತದೆ. ಆಮೇಲೆ ಎರಡೂ ಮೈ ಕೂಡಿ ಒಂದಾಗಿ, ಎಕ್ಸ್ ಅಕ್ಷರದಂತೆ ಹೆಣೆದುಕೊಂಡು ಸಾಯುವ ತನಕ ಹಾಗೇ ಇರುತ್ತವೆ. ಜೋಡಿ ಸಿಗದ ಮರಿ ಪ್ರೌಢವಾಗುವುದೇ ಇಲ್ಲ. ರಕ್ತ ಹೀರುವ ಜೀವವಾದ್ದರಿಂದ ಮೈಯೊಳಗೆ ಕಂದು ಬಣ್ಣದ ಕರುಳಿನ ಕವಲುಗಳು ಹರಡಿರುತ್ತವೆ, ಬಣ್ಣ ಹಾಕದಿದ್ದರೂ ಕಾಣುತ್ತವೆ. ಕೆಲವು ಮಿಲಿಮೀಟರ್ ಉದ್ದ ಇರುವುದರಿಂದ ಬರಿಗಣ್ಣಿಗೇ ಸಿಗುತ್ತದೆ. ಹೊಸಬರು ಇದರಿಂದ ಶುರು ಮಾಡುವುದು ಒಳ್ಳೆಯದು.

ಹೊಸಬರಿಗೆ ಇನ್ನೊಂದು ಮಾತು. ಚೆನ್ನೈನ ಯಾವ ನೀರಿಗೆ ಬಲೆ ಬೀಸಿದರೂ ಮೊದಲು ಬೀಳುವುದು ಜಿಲೇಬಿ. 1952ರಲ್ಲಿ ಮಂಡಪಂಗೆ ತಂದ ಆಫ್ರಿಕಾದ ತಿಲಾಪಿಯಾ ಇದು. ಬರುವಾಗ ಕಿವಿರಿನಲ್ಲಿ ಸಿಕ್ಲಿಡೋಗೈರಸ್ ಬಳಗದವರೂ ಇರುತ್ತಾರೆ. ಅವುಗಳ ಜಾತಕವೆಲ್ಲ ಆಫ್ರಿಕಾದ ಲೇಖನಗಳಲ್ಲಿ ಆಗಲೇ ಅಚ್ಚಾಗಿದೆ. ಕೊಳತ್ತೂರಿನ ಬಣ್ಣದ ಮೀನಿನ ಅಂಗಡಿಗಳಲ್ಲಿ ಸಿಗುವ ಗಪ್ಪಿಯದೂ ಇದೇ ಕಥೆ: ಮೀನು ದಕ್ಷಿಣ ಅಮೆರಿಕದ ಕಡೆಯದು, ಅದರ ಮೈಮೇಲಿನ ಗೈರೋಡ್ಯಾಕ್ಟೈಲಸ್ ಕೂಡ. ಆ ಹುಳುವನ್ನು ನೋಡಲೇಬೇಕು, ಹೊಟ್ಟೆಯೊಳಗೆ ಮಗು, ಮಗುವಿನ ಹೊಟ್ಟೆಯೊಳಗೆ ಮೊಮ್ಮಗು ಕಾಣುತ್ತದೆ. ಆದರೆ ಹೊಸದು ಎಂದು ಕುಣಿಯುವ ಮುನ್ನ ಮೀನಿನ ತವರಿನಲ್ಲಿ ಯಾರು ಏನು ಬರೆದಿದ್ದಾರೆ ಎಂದು ನೋಡಬೇಕು. ಹುಡುಕುವುದಾದರೆ ಈ ನೆಲದ್ದೇ ಮೀನನ್ನು ಹಿಡಿಯಿರಿ. ಮಾರುಕಟ್ಟೆಗೆ ಬಾರದ, ಯಾರೂ ತಿನ್ನದ ಪುಟಾಣಿ ಮೀನಾದರೆ ಇನ್ನೂ ಒಳ್ಳೆಯದು.

ಡಿಎನ್‌ಎ ಬಂದ ಮೇಲೆ ಕೊಕ್ಕೆಯ ಕಾಲ ಮುಗಿಯಿತು ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಒಳ್ಳೆಯ ಕೈಗಳು ಈಗ ಹುಳುವನ್ನು ಎರಡು ಮಾಡುತ್ತವೆ: ಕೊಕ್ಕೆ ಇರುವ ಬುಡ ಸ್ಲೈಡಿಗೆ, ಮಿಕ್ಕ ಮೈ ಡಿಎನ್‌ಎಗೆ. ಡಿಎನ್‌ಎಯ ಅಕ್ಷರಗಳ ಸಾಲು ಮತ್ತು ಕೊಕ್ಕೆಯ ಚಿತ್ರ ಒಂದೇ ಜೀವದ್ದು ಎಂಬುದಕ್ಕೆ ಅದೇ ಸಾಕ್ಷಿ. ಇಡೀ ಹುಳುವನ್ನು ಅರೆದು ಬರೀ ಅಕ್ಷರ ಕೊಟ್ಟವರ ಜೊತೆ ಮುಂದೆ ಯಾರೂ ವಾದ ಮಾಡುವಂತಿಲ್ಲ, ನೋಡಲು ಏನೂ ಉಳಿದಿಲ್ಲವಲ್ಲ.

ನೋಡಲು ಉಳಿಸುವುದು ಈಗ ಶಿಷ್ಟಾಚಾರವಷ್ಟೇ ಅಲ್ಲ, ಕಟ್ಟಳೆ. ಪ್ರಾಣಿಗಳ ಹೆಸರಿನ ಅಂತರರಾಷ್ಟ್ರೀಯ ಸಂಹಿತೆಯ ಪ್ರಕಾರ 1999ರ ನಂತರದ ಯಾವ ಹೊಸ ಪ್ರಭೇದಕ್ಕೂ ಹೆಸರಿಗೆ ಆಧಾರವಾದ ಮೂಲ ಮಾದರಿ (ಸಾಮಾನ್ಯವಾಗಿ ಹೋಲೋಟೈಪ್) ಯಾವುದು, ಅದು ಯಾವ ಸಂಗ್ರಹದಲ್ಲಿರುತ್ತದೆ ಎಂದು ಬರೆಯಲೇಬೇಕು. ಬರೆಯದಿದ್ದರೆ ಹೆಸರೇ ಊರ್ಜಿತವಲ್ಲ. ನಮ್ಮ 2002ರ ಜೀವವೈವಿಧ್ಯ ಕಾಯಿದೆಯ 39ನೇ ಕಲಂ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹೊಸದು ಕಂಡವರು ಯಾರೇ ಆಗಲಿ ನಿಗದಿತ ಭಂಡಾರಕ್ಕೆ ತಿಳಿಸಿ ಮಾದರಿ ಒಪ್ಪಿಸಬೇಕು ಎನ್ನುತ್ತದೆ. ಈ ಕಾಯಿದೆಯನ್ನು ನಡೆಸುವ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರ ಇರುವುದು ಇಲ್ಲೇ, ಚೆನ್ನೈನ ತರಮಣಿಯಲ್ಲಿ. ಪ್ರಾಣಿಗಳ ಮಾದರಿ ಹೋಗಬೇಕಾದ ಭಂಡಾರ ಕೋಲ್ಕತ್ತದ ಜೂಲಾಜಿಕಲ್ ಸರ್ವೆ ಆಫ್ ಇಂಡಿಯಾ. ಅದರ ದಕ್ಷಿಣ ಕೇಂದ್ರ ಸಾಂಥೋಮ್ ಹೈರೋಡಿನಲ್ಲಿದೆ. ಕೊಡುವ ಮುನ್ನ ಒಂದು ಕೆಲಸ ಬಾಕಿ ಇರುತ್ತದೆ. ಪಿಕ್ರೇಟ್ ಗ್ಲಿಸರಿನ್ ಗಟ್ಟಿಯಾಗುವುದಿಲ್ಲ, ವರ್ಷಗಳಲ್ಲಿ ಅಂಚಿನಿಂದ ಒಸರುತ್ತದೆ. ಚೆಕ್ ದೇಶದ ಎರ್ಗೆನ್ಸ್ 1969ರಲ್ಲಿ ತೋರಿಸಿದ ಕ್ರಮದಲ್ಲಿ ಕವರ್ ಸ್ಲಿಪ್ ಮೆಲ್ಲಗೆ ಬಿಡಿಸಿ, ಹುಳು ಅದಕ್ಕೆ ಅಂಟಿರುವಂತೆಯೇ ಆಲ್ಕೊಹಾಲಿನಲ್ಲಿ ತೊಳೆದು ಕೆನಡಾ ಬಾಲ್ಸಮ್ಮಿಗೆ ಇಳಿಸಬೇಕು. ಈ ಕೆಲಸ ಮಾಡುವಾಗ ಫ್ಯಾನು ಆರಿಸಿರಿ. ಚೆನ್ನೈನ ಮೇ ತಿಂಗಳಾದರೂ ಸರಿ.